ಬೂಟು ಹೊಲಿಯುವವರು ಕಟ್ಟಿದ ಬ್ಯಾಂಡ್: ಟೆಕ್ಸಾಸ್‌ನ ‘ಆ್ಯಗಿ ಬ್ಯಾಂಡ್’ ಇತಿಹಾಸ ಮತ್ತು ಸಂಪ್ರದಾಯ

ಅಮೆರಿಕದ ಟೆಕ್ಸಾಸ್ ರಾಜ್ಯದ ಕಾಲೇಜ್ ಸ್ಟೇಷನ್ ಊರಿನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿ ಬ್ಯಾಂಡ್‌ನಲ್ಲಿ 300ಕ್ಕೂ ಹೆಚ್ಚು ಜನ. ಎಲ್ಲರೂ ಸಮವಸ್ತ್ರದ ಕೆಡೆಟ್‌ಗಳು. ನಮ್ಮಲ್ಲಿ ಆಗಸ್ಟ್ 15ಕ್ಕೆ ಎನ್‌ಸಿಸಿ ಮಕ್ಕಳ ಪಥಸಂಚಲನ ನೋಡಿದವರಿಗೆ ಇದರ ಶಿಸ್ತು ಹೇಗಿರುತ್ತೆ ಅಂತ ಅಂದಾಜು ಸಿಗುತ್ತದೆ. ಆದರೆ ಈ ಬ್ಯಾಂಡ್ ಹುಟ್ಟಿಗೆ ಕಾರಣರಾದವರು ಸೇನಾಧಿಕಾರಿಯಲ್ಲ, ಸಂಗೀತ ಮೇಷ್ಟ್ರೂ ಅಲ್ಲ. ಬೂಟು ಹೊಲಿಯುವ ಒಬ್ಬ ಕೆಲಸಗಾರ.

ಆರಂಭ ಹೇಗಾಯ್ತು?

ಈ ಸಂಸ್ಥೆ 1876ರಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜಾಗಿ ಶುರುವಾಯಿತು. ‘ಆ್ಯಗಿ’ ಅನ್ನೋ ಅಡ್ಡಹೆಸರು ಕೃಷಿ ಎಂಬರ್ಥದ ಇಂಗ್ಲಿಷ್ ಪದದಿಂದಲೇ ಬಂದದ್ದು. ಓದಿನ ಜೊತೆ ಸೈನಿಕ ತರಬೇತಿಯೂ ಇತ್ತು. 1965ರವರೆಗೆ ಕೆಡೆಟ್ ದಳಕ್ಕೆ ಸೇರುವುದು ಕಡ್ಡಾಯವೇ ಆಗಿತ್ತು.

ಕೆಡೆಟ್‌ಗಳಿಗೆ ಬೂಟು ಬೇಕು. ಆ ಕೆಲಸಕ್ಕೆ ಬಂದವರು ಜೋಸೆಫ್ ಹೋಲಿಕ್. ಅವರಿಗೆ ವಾದ್ಯ ನುಡಿಸಲು ಬರುತ್ತದೆ ಅಂತ ತಿಳಿದ ಕಾಲೇಜಿನ ಸೇನಾಧಿಕಾರಿ, ಬೆಳಿಗ್ಗೆ ಎಬ್ಬಿಸುವ, ರಾತ್ರಿ ಮಲಗಿಸುವ ಬ್ಯೂಗಲ್ ಊದುವ ಕೆಲಸವನ್ನೂ ಕೊಟ್ಟರು. ಬ್ಯೂಗಲ್ ಒಂದೇ ಯಾಕೆ, ಬ್ಯಾಂಡನ್ನೇ ಕಟ್ಟೋಣ ಅಂತ ಹೋಲಿಕ್ ಅನುಮತಿ ಕೇಳಿದರು. 1894ರಲ್ಲಿ 13 ಜನರ ಬ್ಯಾಂಡ್ ತಯಾರಾಯಿತು. ಅವರ ಕುಟುಂಬದ ಬೂಟು ವ್ಯಾಪಾರವೂ ನಿಲ್ಲಲಿಲ್ಲ, ತಲೆಮಾರುಗಳ ಕಾಲ ಕೆಡೆಟ್‌ಗಳಿಗೆ ಬೂಟು ಮಾಡಿಕೊಟ್ಟಿತು. ಕೊನೆ ವರ್ಷದ ಕೆಡೆಟ್‌ಗಳು ಮೊಣಕಾಲುದ್ದದ ಚರ್ಮದ ಬೂಟು ಹಾಕುವ ಪದ್ಧತಿ ಈಗಲೂ ಇದೆ.

ಬೆಳೆಸಿದವರು

1924ರಲ್ಲಿ ನಿರ್ದೇಶಕರಾದ ಕರ್ನಲ್ ರಿಚರ್ಡ್ ಡನ್ 1946ರವರೆಗೆ ಬ್ಯಾಂಡ್ ನಡೆಸಿದರು. ಕಾಲೇಜಿನ ಗೀತೆ ‘ಸ್ಪಿರಿಟ್ ಆಫ್ ಆ್ಯಗಿಲ್ಯಾಂಡ್’ಗೆ ರಾಗ ಹಾಕಿದ್ದು ಇವರೇ. ನಂತರ ಇದೇ ಬ್ಯಾಂಡ್‌ನ ಹಳೆ ವಿದ್ಯಾರ್ಥಿ ಇ.ವಿ. ಆ್ಯಡಮ್ಸ್ 1973ರವರೆಗೆ ಮುನ್ನಡೆಸಿದರು. ಅಲ್ಲಿನ ಫುಟ್‌ಬಾಲ್ ಮೈದಾನ ಕೈಲ್ ಫೀಲ್ಡ್. ಆ ಹೆಸರಿಟ್ಟು ಅವರು ಬರೆದ ‘ನೋಬಲ್ ಮೆನ್ ಆಫ್ ಕೈಲ್’ ಮಾರ್ಚ್ ಇವತ್ತಿಗೂ ನುಡಿಸ್ತಾರೆ. ‘ಆ್ಯಗಿ ವಾರ್ ಹಿಮ್’ ಹಾಡನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಸೈನಿಕನಾಗಿದ್ದ ಜೆ.ವಿ. ವಿಲ್ಸನ್ ಬರೆದರು.

ಮೈದಾನದಲ್ಲಿ ಏನು ವಿಶೇಷ?

ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಈ ಬ್ಯಾಂಡ್ ಮೈದಾನಕ್ಕಿಳಿಯುತ್ತದೆ. ಕುಣಿತ, ಬಣ್ಣದ ಬಾವುಟ, ಸಿನಿಮಾ ಹಾಡು ಯಾವುದೂ ಇಲ್ಲ. ಸೈನಿಕ ಮಾರ್ಚ್ ಸಂಗೀತ, ಸೈನಿಕ ನಡಿಗೆ ಅಷ್ಟೇ. ಒಂದೊಂದು ಹೆಜ್ಜೆ 30 ಅಂಗುಲ. ಅಂದರೆ 5 ಗಜಕ್ಕೆ ಸರಿಯಾಗಿ 6 ಹೆಜ್ಜೆ. ಮೈದಾನದಲ್ಲಿ 5 ಗಜಕ್ಕೊಂದು ಗೆರೆ ಎಳೆದಿರುವುದರಿಂದ ಯಾರ ಹೆಜ್ಜೆ ತಪ್ಪಿದರೂ ತಕ್ಷಣ ಕಾಣುತ್ತೆ.

ನಾಲ್ಕು ದಿಕ್ಕಿನಿಂದ ಬಂದ ಸಾಲುಗಳು ಒಂದರೊಳಗೊಂದು ನುಗ್ಗಿ, ಡಿಕ್ಕಿಯಾಗದೆ ಆಚೆ ಹೋಗುವುದನ್ನು ನೋಡಲೆಂದೇ ಜನ ಸೀಟು ಬಿಟ್ಟು ಏಳುವುದಿಲ್ಲ. ಹಾಗಂತ ಇವರು ಸಂಗೀತವನ್ನೇ ಓದುವವರಲ್ಲ. ಎಂಜಿನಿಯರಿಂಗ್, ಕೃಷಿ, ವ್ಯಾಪಾರ ಹೀಗೆ ಬೇರೆ ಬೇರೆ ಕೋರ್ಸ್‌ನವರು.

ನಾಯಿ ರೆವೆಲಿ

1931ರಲ್ಲಿ ಕೆಡೆಟ್‌ಗಳು ಒಂದು ಬೀದಿನಾಯಿಯನ್ನು ಹಾಸ್ಟೆಲ್‌ಗೆ ತಂದರು. ಬೆಳಿಗ್ಗೆ ಎಬ್ಬಿಸುವ ‘ರೆವೆಲಿ’ ಬ್ಯೂಗಲ್ ಕೇಳಿದ್ದೇ ಅದು ಬೊಗಳತೊಡಗಿತಂತೆ. ಅದೇ ಹೆಸರಾಯಿತು. ಪಂದ್ಯಗಳಲ್ಲಿ ಬ್ಯಾಂಡ್ ಜೊತೆಗೇ ಮೈದಾನಕ್ಕೆ ಬರುತ್ತಿತ್ತು. ಆಮೇಲೆ ಬಂದ ನಾಯಿಗಳಿಗೂ ಅದೇ ಹೆಸರು ಮುಂದುವರಿದಿದೆ.

ಹುಡುಗಿಯರಿಗೆ ಬಾಗಿಲು

ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳು 1963ರಿಂದ ಬಂದರೂ, ಬ್ಯಾಂಡ್ ಗಂಡುಮಕ್ಕಳದ್ದೇ ಆಗಿ ಉಳಿದಿತ್ತು. ಕೆಡೆಟ್ ದಳದಲ್ಲಿ ಮಹಿಳೆಯರಿಗೆ ತಾರತಮ್ಯ ಆಗ್ತಿದೆ ಅಂತ 1979ರಲ್ಲಿ ಒಬ್ಬ ವಿದ್ಯಾರ್ಥಿನಿ ಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ಇತ್ಯರ್ಥವಾದ 1985ರಲ್ಲೇ ಮೊದಲ ಬಾರಿ ಹುಡುಗಿಯರು ಬ್ಯಾಂಡ್ ಸಾಲಿಗೆ ಸೇರಿದರು. ಈಗ ಗಂಡು ಹೆಣ್ಣು ಎಲ್ಲರಿಗೂ ಒಂದೇ ಸಮವಸ್ತ್ರ, ಒಂದೇ ಹೆಜ್ಜೆ.

ಸಾವಿನ ರಾತ್ರಿಯ ಬ್ಯೂಗಲ್

ಇಲ್ಲಿನ ಅತ್ಯಂತ ಗಂಭೀರ ಪದ್ಧತಿ ‘ಸಿಲ್ವರ್ ಟ್ಯಾಪ್ಸ್’. ಓದುತ್ತಿರುವಾಗಲೇ ತೀರಿಕೊಂಡ ವಿದ್ಯಾರ್ಥಿಗೆ ಸಲ್ಲಿಸುವ ಗೌರವ ಇದು. 1898ರಲ್ಲಿ ಕಾಲೇಜಿನ ಅಧ್ಯಕ್ಷ, ಟೆಕ್ಸಾಸ್‌ನ ಮಾಜಿ ಗವರ್ನರ್ ಲಾರೆನ್ಸ್ ಸಲಿವನ್ ರಾಸ್ ತೀರಿಕೊಂಡಾಗ ಮೊದಲು ನಡೆಯಿತು. ಹಿಂದಿನ ತಿಂಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ, ತಿಂಗಳ ಮೊದಲ ಮಂಗಳವಾರ ರಾತ್ರಿ ಆವರಣದ ದೀಪ ಆರಿಸಿ ಸಾವಿರಾರು ಜನ ಮಾತಿಲ್ಲದೆ ಸೇರುತ್ತಾರೆ. ಗುಂಡು ಹಾರಿಸಿದ ಮೇಲೆ ಬ್ಯೂಗಲ್ ವಾದಕರು ಉತ್ತರ, ದಕ್ಷಿಣ, ಪಶ್ಚಿಮಕ್ಕೆ ತಿರುಗಿ ಮೂರು ಸಲ ನುಡಿಸುತ್ತಾರೆ. ಪೂರ್ವಕ್ಕೆ ನುಡಿಸುವುದಿಲ್ಲ. ತೀರಿಕೊಂಡವರ ಪಾಲಿಗೆ ಸೂರ್ಯ ಮತ್ತೆ ಹುಟ್ಟುವುದಿಲ್ಲ ಅನ್ನೋದು ಅದರ ಅರ್ಥ.

1999ರ ನವೆಂಬರ್‌ನಲ್ಲಿ ಪಂದ್ಯಕ್ಕೆ ಮುಂಚಿನ ಬೆಂಕಿ ಹಬ್ಬಕ್ಕೆಂದು ಜೋಡಿಸಿದ್ದ ಮರದ ದಿಮ್ಮಿಗಳ ರಾಶಿ ಕುಸಿದು 12 ಜನ ಸತ್ತರು. ಕೆಲವೇ ದಿನಗಳಲ್ಲಿ ನಡೆದ ಪಂದ್ಯದಲ್ಲಿ ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯದ ಬ್ಯಾಂಡ್, ಸತ್ತವರಿಗಾಗಿ ‘ಟ್ಯಾಪ್ಸ್’ ನುಡಿಸಿ ಟೋಪಿ ತೆಗೆದು ನಿಂತಿತು. ನೂರು ವರ್ಷದ ಪೈಪೋಟಿ ಆ ಹೊತ್ತಿಗೆ ಪಕ್ಕಕ್ಕೆ ಸರಿದಿತ್ತು.

ಒಂದು ನೋಟದಲ್ಲಿ

• ಸ್ಥಾಪನೆ: 1894, ಜೋಸೆಫ್ ಹೋಲಿಕ್
• ಮೊದಲ ಬ್ಯಾಂಡ್: 13 ಜನ
• ಈಗ: 300ಕ್ಕೂ ಹೆಚ್ಚು
• ಮಹಿಳೆಯರ ಪ್ರವೇಶ: 1985
• ಸೇರಲು ಷರತ್ತು: ಕೆಡೆಟ್ ದಳದ ಸದಸ್ಯರಾಗಿರಲೇಬೇಕು