ಪ್ರತ್ಯಯದೊಳಗಿನ ಕ್ರಿಯಾಪದ: ತುರ್ಕಿಯ ‘ಬಿಲ್’, ಕನ್ನಡದ ‘ಬಲ್’

1856ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅವರು ಈ ಭಾಷೆಗಳಿಗೆ ತಾವು ‘ಸಿಥಿಯನ್’ ಎಂದು ಕರೆದ ವರ್ಗದೊಡನೆ ನಂಟು ಕಲ್ಪಿಸಿದರು. ತುರ್ಕಿಯೂ ಆ ವರ್ಗದಲ್ಲಿ ಸೇರಿತ್ತು. ಧಾತುವಿಗೆ ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುವ ರಚನೆ ಆ ವಾದದ ಆಧಾರಗಳಲ್ಲೊಂದು. ಆದರೆ ರಚನಾಸಾಮ್ಯದಿಂದ ಬಾಂಧವ್ಯ ಸಿದ್ಧಿಸಬೇಕಾದರೆ ಪ್ರತ್ಯಯಗಳ ಮೂಲವೂ ಒಂದೇ ಆಗಿರಬೇಕು. ಹಾಗಿದೆಯೇ ಎಂಬುದನ್ನು ಪ್ರತ್ಯಯಗಳ ಚರಿತ್ರೆಯಿಂದಲೇ ಪರಿಶೀಲಿಸಬಹುದು.

ತುರ್ಕಿಯ ಪ್ರತ್ಯಯಗಳು ಸಾಮಾನ್ಯವಾಗಿ ಧಾತುವಿನ ಸ್ವರವನ್ನು ಅನುಸರಿಸುತ್ತವೆ. ಪೂರ್ವಸ್ವರದ ಧಾತುವಿಗೆ ಪೂರ್ವಸ್ವರದ ರೂಪ, ಪಶ್ಚಸ್ವರದ ಧಾತುವಿಗೆ ಪಶ್ಚಸ್ವರದ ರೂಪ. ವರ್ತಮಾನದ ‘-ಯೊರ್’ ಇದಕ್ಕೆ ಅಪವಾದ. ‘ಗೆಲಿಯೊರ್’ (ಬರುತ್ತಿದ್ದಾನೆ), ‘ಯಪಿಯೊರ್’ (ಮಾಡುತ್ತಿದ್ದಾನೆ) ಎರಡರಲ್ಲೂ ‘ಒ’ಕಾರ ಬದಲಾಗದು. ಇದು ‘ನಡೆ’ ಎಂಬರ್ಥದ ‘ಯೊರಿ-’ ಧಾತುವಿನ ಸವೆದ ರೂಪ. ಸ್ವತಂತ್ರ ಪದವಾಗಿದ್ದ ಕಾಲದ ಸ್ವರವನ್ನು ಅದು ಪ್ರತ್ಯಯವಾದ ಮೇಲೂ ಉಳಿಸಿಕೊಂಡಿದೆ.

ಸಾಮರ್ಥ್ಯಾರ್ಥದ ರೂಪಗಳು ಇನ್ನೂ ಕುತೂಹಲಕರ. ‘ಗೆಲೆಬಿಲಿರ್’ (ಬರಬಲ್ಲ), ‘ಯಪಬಿಲಿರ್’ (ಮಾಡಬಲ್ಲ) ಎಂಬಲ್ಲಿನ ‘ಬಿಲ್’ ಎಂದರೆ ‘ತಿಳಿ’. ನಿಷೇಧದಲ್ಲಿ ಅದು ಕಾಣೆಯಾಗಿ ‘ಗೆಲೆಮೆಜ಼್’ (ಬರಲಾರ) ಎಂದಾಗುತ್ತದೆ. ಇಲ್ಲಿ ಅಡಗಿರುವುದು ‘ಶಕ್ತನಾಗು’ ಎಂಬರ್ಥದ ಪ್ರಾಚೀನ ಧಾತು ‘ಉ-’. ಸ್ವತಂತ್ರ ಕ್ರಿಯಾಪದವಾಗಿ ಅದು ಇಂದಿನ ತುರ್ಕಿಯಲ್ಲಿ ಉಳಿದಿಲ್ಲ.

ಕನ್ನಡದಲ್ಲಿಯೂ ವಿಧಿರೂಪ ‘ಬರಬಲ್ಲ’ ಎಂಬುದರಲ್ಲಿ ‘ಬಲ್’ ಇದೆ; ನಿಷೇಧರೂಪ ‘ಬರಲಾರ’ ಎಂಬುದರಲ್ಲಿ ಹಳಗನ್ನಡದ ‘ಆರ್’ (ಶಕ್ತನಾಗು) ಎಂಬ ಬೇರೆಯೇ ಧಾತುವಿದೆ. ‘ಬಲ್’ ಧಾತುವಿಗೆ ‘ತಿಳಿ’ ಎಂಬರ್ಥವೂ ಉಂಟು. ಧ್ವನಿ, ಅರ್ಥ, ವಿಧಿ–ನಿಷೇಧಗಳ ಹಂಚಿಕೆ ಮೂರೂ ಹೊಂದುವುದರಿಂದ ‘ಬಿಲ್’, ‘ಬಲ್’ ಒಂದೇ ಮೂಲದವೆಂದು ಭ್ರಮಿಸುವುದು ಸುಲಭ. ಆದರೆ ಕನ್ನಡದ ಪದಾದಿ ‘ಬ’ಕಾರ ಇಲ್ಲಿ ಮೂಲ ‘ವ’ಕಾರದಿಂದ ಬಂದದ್ದು, ತಮಿಳಿನ ‘ವಲ್’ ಇದರ ಸಜಾತಿ. ಆ ಧಾತುವಿನ ಮೂಲಾರ್ಥ ಬಲ, ಶಕ್ತಿ. ಶಕ್ತಿಯ ಅರ್ಥದಿಂದ ಕನ್ನಡ ಅರಿವಿನ ಅರ್ಥಕ್ಕೆ ಸಾಗಿತು. ತುರ್ಕಿ ಅರಿವಿನಿಂದ ಶಕ್ತಿಗೆ ಸಾಗಿತು. ಹೊರಟ ಎಡೆಗಳು ಬೇರೆ, ದಿಕ್ಕುಗಳೂ ವಿರುದ್ಧ.

ಆದ್ದರಿಂದ ಈ ಸಾಮ್ಯ ರಕ್ತಸಂಬಂಧದ ಕುರುಹಲ್ಲ. ವ್ಯಾಕರಣೀಕರಣವೆಂಬ ಸಮಾನ ಪ್ರಕ್ರಿಯೆಯ ಫಲ. ನುಡಿಗಟ್ಟಿನಲ್ಲಿ ಮೂಲಾರ್ಥ ಸಡಿಲಿದ ಕ್ರಿಯಾಪದವೇ ಕಾಲಾಂತರದಲ್ಲಿ ಪ್ರತ್ಯಯವಾಗುತ್ತದೆ. ‘-ಯೊರ್’, ‘-ಲಾರ’ಗಳನ್ನು ಅಪವಾದಗಳ ಪಟ್ಟಿಗೆ ಸೇರಿಸಿ ಸುಮ್ಮನಾದರೆ ಆ ಚರಿತ್ರೆಯ ಸಾಕ್ಷ್ಯವೇ ಕೈತಪ್ಪುತ್ತದೆ.