ಒಪ್ಪಿ ಬಿಡುವ ಬಗೆ

ಈಗ ಒಂದೇ ಜಿಲ್ಲೆಯಾಗಿರುವ ನಮ್ಮ ಸೀಮೆ 1950ರಲ್ಲಿ ಎರಡು ಸರ್ಕಾರಗಳಿಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿನವು. ಸಂತೇಮರಹಳ್ಳಿ, ಯಳಂದೂರು ದಾಟಿ ಸಿಗುವ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಮದ್ರಾಸು ಸರ್ಕಾರ 1949ರಲ್ಲಿ ಹಿಂದೂ ಗಂಡಸು ಎರಡನೆಯ ಮದುವೆಯಾಗುವುದನ್ನು ತಡೆದು, ವಿಚ್ಛೇದನಕ್ಕೆ ದಾರಿ ಮಾಡಿಕೊಡುವ ಕಾಯಿದೆ ತಂದಿತು. ಕೊಳ್ಳೇಗಾಲದ ಹೆಂಗಸಿಗೆ ಕೋರ್ಟಿನ ಬಾಗಿಲು ತೆರೆಯಿತು. ಚಾಮರಾಜನಗರಕ್ಕೆ ಮದುವೆಯಾಗಿ ಬಂದ ಅವಳ ಅಕ್ಕನಿಗೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ನಡುವಿನ ದೂರ ಸುಮಾರು 40 ಕಿಲೋಮೀಟರು! 1933ರಷ್ಟು ಹಿಂದೆಯೇ ಹೆಂಗಸರ ಆಸ್ತಿ ಹಕ್ಕಿಗೆಂದು ಕಾಯಿದೆ ಮಾಡಿ ಹೆಸರು ಪಡೆದ ಮೈಸೂರಿನ ಸಂಗತಿ ಇದು. 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದ ಮೇಲೆ ಈ ಅಂತರ ಅಳಿಯಿತು. ಮಾರನೆಯ ವರ್ಷ, ನವೆಂಬರ್ 1ರಂದು, ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂತು.

ಹಾಗೆಂದು ಕಾಯಿದೆಗೆ ಮೊದಲು ಇಲ್ಲಿ ಯಾರೂ ಗಂಡನನ್ನು ಬಿಡುತ್ತಿರಲಿಲ್ಲ ಎಂದುಕೊಂಡರೆ ತಪ್ಪು. ಎಚ್.ವಿ. ನಂಜುಂಡಯ್ಯನವರು ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರಿನ ಜಾತಿ, ಬುಡಕಟ್ಟುಗಳ ಬಗ್ಗೆ ಬರೆದ ಸಂಪುಟಗಳನ್ನು ತೆರೆದರೆ, ಹಲವು ಜಾತಿಗಳಲ್ಲಿ ಕುಲದ ಯಜಮಾನರ ಮುಂದೆ ಗಂಡ ಹೆಂಡಿರು ಬೇರೆಯಾಗುತ್ತಿದ್ದುದು ಕಾಣುತ್ತದೆ. ತೆರ ಕೊಟ್ಟು ತಂದ ಹೆಣ್ಣಾದರೆ ತೆರದ ಲೆಕ್ಕ, ಮದುವೆಯ ಖರ್ಚಿನ ಲೆಕ್ಕ ಪಂಚಾಯಿತಿಯಲ್ಲೇ ತೀರಬೇಕಿತ್ತು. ಬಿಟ್ಟುಬಂದವಳು ಕೂಡಿಕೆಯಾಗಬಹುದಿತ್ತು, ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದರಿಂದ ಅದಕ್ಕೆ ಉಡಿಕೆ ಎಂದೂ ಹೆಸರು. ಆದರೆ ಅಂಥವಳು ಬೇರೆಯವರ ಮದುವೆ ಶಾಸ್ತ್ರಗಳಲ್ಲಿ ಮುಂದೆ ನಿಲ್ಲುವಂತಿಲ್ಲ. ಬಿಡುಗಡೆಯನ್ನು ಕೊಟ್ಟ ಕೈಯೇ ಮರ್ಯಾದೆಯನ್ನು ಸ್ವಲ್ಪ ಕಿತ್ತುಕೊಳ್ಳುತ್ತಿತ್ತು ಎನ್ನಬೇಕು. ಮೇಲುಜಾತಿಯೆಂದು ಹೇಳಿಕೊಂಡವರಲ್ಲಿ ಅಷ್ಟೂ ಇರಲಿಲ್ಲ. ತವರಿನ ಹಿತ್ತಲ ಕೋಣೆಯಲ್ಲಿ ಹಪ್ಪಳ ಒತ್ತುತ್ತ ಮುದುಕಿಯರಾದ ಎಷ್ಟು ಅತ್ತೆಯರನ್ನು, ಚಿಕ್ಕಮ್ಮಂದಿರನ್ನು ನಮ್ಮ ತಲೆಮಾರಿನವರು ನೋಡಿಲ್ಲ!

1955ರ ಕಾಯಿದೆ ಬಾಗಿಲು ತೆರೆಯಿತು, ನಿಜ. ಆದರೆ ಒಳಗೆ ಹೋಗಬೇಕಾದರೆ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಲೇಬೇಕು. ಇಬ್ಬರಿಗೂ ಸಾಕಾಗಿದೆ, ಯಾರ ಮೇಲೂ ದೂರಿಲ್ಲ ಎಂದರೆ ಕೋರ್ಟು ಕೇಳುವಂತಿರಲಿಲ್ಲ. ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಮೊದಲಿನಿಂದಲೂ ಇತ್ತು. ಹಸೆಮಣೆಯ ಮೇಲೆ ಕೂತು ತಾಳಿ ಕಟ್ಟಿಸಿಕೊಂಡವಳಿಗೆ ಅದು ಸಿಕ್ಕಿದ್ದು 1976ರ ತಿದ್ದುಪಡಿಯಿಂದ, 13ಬಿ ಎಂಬ ಕಲಮಿನಲ್ಲಿ.

ಅದರ ಕ್ರಮ ಕಷ್ಟದ್ದಲ್ಲ. ಗಂಡ ಹೆಂಡತಿ ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಕೂಡಿ ಬಾಳಲಾಗಲಿಲ್ಲ, ಬಿಡಲು ಇಬ್ಬರೂ ಒಪ್ಪಿದ್ದೇವೆ ಎಂದು ಜಂಟಿಯಾಗಿ ಅರ್ಜಿ ಹಾಕಬೇಕು. ಕುಟುಂಬ ನ್ಯಾಯಾಲಯ ಇದ್ದರೆ ಅಲ್ಲಿ, ಇಲ್ಲವಾದರೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಮತ್ತೆ ಇಬ್ಬರೂ ಬಂದು ಅದೇ ಮಾತು ಹೇಳಬೇಕು. ಈ ನಡುವೆ ಒಬ್ಬರು ಮನಸ್ಸು ಬದಲಿಸಿದರೆ ಡಿಕ್ರಿ ಇಲ್ಲ. ಸುಪ್ರೀಂ ಕೋರ್ಟು 1991ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಸಂಧಾನಕ್ಕೆ ಅವಕಾಶವೇ ಇಲ್ಲದಿದ್ದಾಗ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಧೀಶರು ಬಿಡಬಹುದೆಂದು 2017ರಲ್ಲಿ ಹೇಳಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಬೇರೆ. ಅವರು ಪರಿಶಿಷ್ಟ ಪಂಗಡದವರಾದ್ದರಿಂದ ಈ ಕಾಯಿದೆ ಅವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಅವರದು ಅವರ ಪದ್ಧತಿ.

ನಮ್ಮ ಊರುಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಛಾಪಾ ಕಾಗದ. ಹಿರಿಯರು ನಾಲ್ಕು ಜನ ಸೇರಿ, ನೋಟರಿಯ ಮೊಹರು ಹಾಕಿಸಿ, "ಸೈನ್ ಮಾಡವ್ವ, ಮುಗೀತು" ಎನ್ನುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದೊಂದು ಕಾಗದ ಹಿಡಿದು ಬಂದಿದ್ದಳು. "ಮಿಸ್, ಇನ್ನು ನಾನು ಬೇರೆ ಮದುವೆ ಆಗಬಹುದಲ್ಲವಾ?" ಎಂದಳು. ಕಾಯಿದೆಯ 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ, ಸುಳ್ಳಲ್ಲ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಉಂಟೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಇದನ್ನೇ ಎತ್ತಿ ಹೇಳಿದೆ. ರುಜುವಾತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಅದನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆಯೂ ಅಸಿಂಧು. ಆ ಹುಡುಗಿ ವಕೀಲರನ್ನು ಕಂಡಳು, ಜಂಟಿ ಅರ್ಜಿ ಹಾಕಿಸಿದಳು. ಅವಳ ಅಪ್ಪನಿಗೆ ಮಾತ್ರ ನನ್ನ ಮೇಲೆ ಇನ್ನೂ ಮುನಿಸು.

ಒಪ್ಪಿ ಬಿಟ್ಟರೆ ಜೀವನಾಂಶ ಹೋಯಿತು ಎಂಬ ಮಾತೂ ಓಡಾಡುತ್ತದೆ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳೂ ಜೀವನಾಂಶ ಕೇಳಬಹುದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು; ಅದೂ ಕರ್ನಾಟಕದ್ದೇ ಮೊಕದ್ದಮೆ. ಆದರೂ ಒಡವೆ, ಪಾತ್ರೆ, ಹಣ, ಮಕ್ಕಳು ಯಾರ ಬಳಿ ಎಂಬುದೆಲ್ಲ ಅರ್ಜಿಯಲ್ಲೇ ಬರೆಸಿಕೊಳ್ಳುವುದು ಮೇಲು. ಏಕಗಂಟಿನ ಮೊತ್ತ ಒಪ್ಪಿಕೊಂಡು ಸಹಿ ಹಾಕಿದ ಮೇಲೆ ಮತ್ತೆ ಕೇಳುವುದು ಕಷ್ಟ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆಯೆಂದು ಕೋರ್ಟಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.