ಬೆರಿಯಾ ಕಾಲೇಜು: ಕಾನೂನು ಒಡೆದ ತರಗತಿ

ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳ ಚಿಕ್ಕ ಖಾಸಗಿ ಸಂಸ್ಥೆ. ಗುಲಾಮಗಿರಿಯನ್ನು ವಿರೋಧಿಸಿದ ಪಾದ್ರಿ ಜಾನ್ ಫೀ 1855ರಲ್ಲಿ ಇದನ್ನು ಸ್ಥಾಪಿಸಿದರು. ಅಂತರ್ಯುದ್ಧ ಮುಗಿದ ಮೇಲೆ, 1866ರಿಂದ, ಕಪ್ಪು ವರ್ಣೀಯರೂ ಬಿಳಿಯರೂ ಇಲ್ಲಿ ಒಂದೇ ಕೊಠಡಿಯಲ್ಲಿ ಕುಳಿತು ಕಲಿತರು. ಮೊದಲ ದಶಕಗಳಲ್ಲಿ ಇಬ್ಬರ ಸಂಖ್ಯೆಯೂ ಹೆಚ್ಚುಕಡಿಮೆ ಸಮನಾಗಿತ್ತು. ಅದುವರೆಗೆ ಗುಲಾಮರನ್ನು ಕೊಂಡು ಮಾರುತ್ತಿದ್ದ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ.

1904ರಲ್ಲಿ ರಾಜ್ಯ ಶಾಸನಸಭೆಯು ‘ಡೇ ಕಾನೂನು’ ತಂದು ಎರಡು ಜನಾಂಗದವರು ಒಟ್ಟಿಗೆ ಕಲಿಯುವುದನ್ನೇ ನಿಷೇಧಿಸಿತು. ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋರಾಡಿ 1908ರಲ್ಲಿ ಸೋತಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಕೆಂಟಕಿಯವರೇ ಎಂಬುದು ಗಮನಾರ್ಹ. ಹೊರನಡೆಯಬೇಕಾದವರು ಮಾತ್ರ ಕಪ್ಪು ವರ್ಣೀಯರು. ಅವರಿಗಾಗಿ ಲೂಯಿವಿಲ್ ಬಳಿ ಲಿಂಕನ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಲು ಕಾಲೇಜು ನೆರವಾಯಿತು. ಇತಿಹಾಸಕಾರ ಕಾರ್ಟರ್ ವುಡ್‌ಸನ್ 1903ರಲ್ಲಿ, ಅಂದರೆ ಬಾಗಿಲು ಮುಚ್ಚುವ ಮುನ್ನ, ಇಲ್ಲಿಂದ ಪದವಿ ಪಡೆದಿದ್ದರು.

1950ರಲ್ಲಿ ಕಾನೂನು ತಿದ್ದುಪಡಿಯಾದಾಗ ಬೆರಿಯಾ ಕಪ್ಪು ವರ್ಣೀಯರನ್ನು ಮತ್ತೆ ಸೇರಿಸಿಕೊಂಡಿತು. ಅಷ್ಟರಲ್ಲಿ 46 ವರ್ಷಗಳು ಸಂದಿದ್ದವು.

ಇಲ್ಲಿ ಬೋಧನಾ ಶುಲ್ಕ ಪಾವತಿಸಬೇಕಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಬೇಕು. ಆಪಲೇಶಿಯಾ ಬೆಟ್ಟಸೀಮೆಯ ಬಡ ಮನೆಯಿಂದ ಬಂದವರಿಗೂ ವಿದೇಶದಿಂದ ಬಂದವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.